ಹಸಿ ಬೋರ್ಡ್ ಹೊಡೆದರೆ ಬೇಸಿಗೆಗೆ ಬಿರುಕು

ಫೈಬರ್ ಸಿಮೆಂಟ್ ಬೋರ್ಡ್ ನೀರು ತಾಗಿದ ಮಾತ್ರಕ್ಕೆ ಕೆಡುವುದಿಲ್ಲ. ಅದು ಕೆಡುವುದು ಮುಖ್ಯವಾಗಿ ಎರಡು ತಪ್ಪಿನಿಂದ: ಹಸಿ ಇರುವಾಗಲೇ ಸ್ಕ್ರೂ ಬಿಗಿಯುವುದು, ಇಲ್ಲವೇ ಒಂದೇ ಮೈಗೆ ನೀರು ಕುಡಿಸುವುದು. ಧಾರವಾಡದ ಜುಲೈ ಮಳೆಯಲ್ಲಿ ನಿಲ್ಲಿಸಿದ ಪಾರ್ಟಿಷನ್ ಏಪ್ರಿಲ್‌ಗೆ ಜಾಯಿಂಟ್ ಬಿಟ್ಟಿತೆಂದರೆ ಪುಟ್ಟಿಯನ್ನು ಬೈಯುವ ಮೊದಲು ಬೋರ್ಡಿನ ಹಸಿಯನ್ನು ಅನುಮಾನಿಸಬೇಕು.

ಈ ಬೋರ್ಡ್ ಸಿಮೆಂಟ್, ಸಿಲಿಕಾ ಪುಡಿ ಮತ್ತು ಮರದ ತಿರುಳಿನ ನಾರಿನಿಂದ ಆದದ್ದು. ತೆಳು ಪದರದ ಮೇಲೆ ಪದರ ಸುತ್ತಿ ಒತ್ತುತ್ತಾರೆ. 1900ರ ಹೊತ್ತಿಗೆ ಆಸ್ಟ್ರಿಯಾದ ಲುಡ್ವಿಗ್ ಹಾಚೆಕ್ ಕಂಡುಹಿಡಿದ ಪದ್ಧತಿಯದು. ಹೀಗಾಗಿ ಒಳಗಿನ ರಂಧ್ರಗಳು ಒಂದೇ ಜಾತಿಯವಲ್ಲ. ಪದರಗಳ ನಡುವಿನ ಸಂದು ಮತ್ತು ನಾರಿನ ಟೊಳ್ಳು ದೊಡ್ಡವು. ನೀರನ್ನು ಬೇಗ ಹೀರಿ ಬೇಗ ಬಿಡುತ್ತವೆ. ಸಿಮೆಂಟಿನೊಳಗಿನ ರಂಧ್ರಗಳಲ್ಲಿ ಕೆಲವು ಬರೀ ಕೆಲವು ನ್ಯಾನೊಮೀಟರಿನಷ್ಟು. ಅಂಥ ಸಣ್ಣ ರಂಧ್ರದ ನೀರು ಆರುವಾಗ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ, ಬೋರ್ಡ್ ಕುಗ್ಗುತ್ತದೆ. ಆಟೊಕ್ಲೇವ್ ಎಂಬ ಒತ್ತಡದ ಪಾತ್ರೆಯಲ್ಲಿ ಸುಮಾರು 170-180 ಡಿಗ್ರಿಯ ಹಬೆಯಲ್ಲಿ ಬೆಂದ ಬೋರ್ಡ್, ಗಾಳಿಯಲ್ಲಿ ಗಟ್ಟಿಯಾದದ್ದಕ್ಕಿಂತ ಕಡಿಮೆ ಕುಗ್ಗುತ್ತದೆ. ಬೆಲೆಗಿಂತ ಮೊದಲು ಕೇಳಬೇಕಾದದ್ದು ಇದನ್ನೇ. ಹೊರಗೋಡೆಗಾದರೆ ಈ ಬೋರ್ಡುಗಳ ಭಾರತೀಯ ಮಾನಕ ಐಎಸ್ 14862ರ ಟೈಪ್ ಎ ಎಂಬ ಗುರುತನ್ನೂ ನೋಡಿ. ಟೈಪ್ ಬಿ ಒಳಕೆಲಸಕ್ಕೆ.

8×4 ಅಡಿಯ, 6 ಮಿಮೀ ದಪ್ಪದ ಬೋರ್ಡ್ ಒಣಗಿದಾಗ ಹೆಚ್ಚುಕಡಿಮೆ 24 ಕಿಲೋ ತೂಗುತ್ತದೆ. ತೂಕದ 30% ನೀರು ಹೀರಿದರೆ 7 ಲೀಟರ್ ಒಳಗೆ ಕೂತಂತಾಯಿತು, ಮೇಲ್ಮೈ ಮುಟ್ಟಿದರೆ ಒಣಗಿದಂತೆಯೇ ಇರಬಹುದು. ಮೀಟರಿಗೆ 1 ಮಿಮೀ ಕುಗ್ಗಿದರೂ 8 ಅಡಿಗೆ 2.4 ಮಿಮೀ. ಎರಡು ತುದಿ ಸ್ಕ್ರೂನಲ್ಲಿ ಸಿಕ್ಕಿಬಿದ್ದಿರುವಾಗ ಅದು ಜಾಯಿಂಟನ್ನಾದರೂ ಒಡೆಯುತ್ತದೆ, ಸ್ಕ್ರೂ ಸುತ್ತಲಾದರೂ ಸೀಳುತ್ತದೆ.

ಹಸಿ ಅಳೆಯುವ ಮೀಟರ್ ಇಲ್ಲದಿದ್ದರೆ ಚೀಲ ತೂಗುವ ಕಾಟಾ ಸಾಕು. ಅಟ್ಟಿಯ ನಡುವಿನ ಒಂದು ಬೋರ್ಡಿಗೆ ಗುರುತು ಹಾಕಿ, ಎಲ್ಲ ಬೋರ್ಡುಗಳ ನಡುವೆ ರೀಪು ಇಟ್ಟು ಗಾಳಿಯಾಡಲು ಬಿಡಿ, ದಿನಾ ಅದನ್ನೇ ತೂಗಿ. ಮೂರು ದಿನ ತೂಕ ಇಳಿಯದೆ ನಿಂತಾಗ ಕೆಲಸ ಹಿಡಿಯಿರಿ. ತುಂಡನ್ನು ತೂಗಿದರೆ ಮೋಸ. ಅದು ಇಡೀ ಬೋರ್ಡಿಗಿಂತ ಬೇಗ ಆರುತ್ತದೆ. ಮಳೆಗಾಲದ ಗಾಳಿಯಲ್ಲಿ ನಿಂತ ತೂಕದಲ್ಲೂ ಸ್ವಲ್ಪ ಹಸಿ ಉಳಿದಿರುತ್ತದೆ, ಆದ್ದರಿಂದ ಜಾಯಿಂಟ್ ತುಂಬುವ ಕೆಲಸವನ್ನು ಸಾಧ್ಯವಾದರೆ ದೀಪಾವಳಿ ಆಚೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಅಟ್ಟಿಯನ್ನು ನೆಲದಿಂದ 10 ಸೆಂಮೀ ಮೇಲೆ, ಸಮನಾದ ರೀಪುಗಳ ಮೇಲೆ ಇಡಿ. ತಾಡಪತ್ರಿ ಹೊದಿಸಿ, ಬದಿಗಳಲ್ಲಿ ಗಾಳಿ ಹೋಗಲಿ. ಒತ್ತೊತ್ತಾಗಿ ಇಟ್ಟ ಬೋರ್ಡುಗಳ ನಡುವೆ ಮಳೆನೀರು ಇಳಿದು ನಿಂತರೆ ಸುಣ್ಣದ ಅಂಶ ಕರಗಿ ಮೇಲೆ ಬರುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳಿ ಕಲೆಯಾಗಿ ಗಟ್ಟಿಯಾಗುತ್ತದೆ. ಆಮೇಲೆ ಬರೀ ನೀರಿನಿಂದ ತೊಳೆದರೆ ಹೋಗದು.

ಕೂಡಿಸುವಾಗ ಜಾಯಿಂಟಿಗೆ 3-4 ಮಿಮೀ ಸಂದು ಬಿಡಿ. ಸ್ಕ್ರೂ ಅಂಚಿನಿಂದ 12 ಮಿಮೀ, ಮೂಲೆಯಿಂದ 50 ಮಿಮೀ ಒಳಗಿರಲಿ. ಸಂದಿಗೆ ಬಿಳಿ ಸಿಮೆಂಟ್ ತುಂಬುವ ರೂಢಿ ಬಿಡಬೇಕು. ಅದಕ್ಕೆ ಹಿಗ್ಗುವ ಗುಣವಿಲ್ಲ. ಬಾಗುವ ಜಾಯಿಂಟ್ ಕಾಂಪೌಂಡ್, ಮೇಲೆ ಫೈಬರ್ ಟೇಪ್ ಹಾಕಿ. ಒಳಗೆ ಬೋರ್ಡಿನ ತುದಿ ಫರಸಿಗೆ ಮುಟ್ಟದೆ 6 ಮಿಮೀ ಮೇಲಿರಲಿ. ಹೊರಗೆ ನೆಲದಿಂದ 15 ಸೆಂಮೀ. ಕತ್ತರಿಸುವಾಗ ಮಾಸ್ಕ್ ಬೇಕೇ ಬೇಕು, ಆ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹಾನಿ.

ಇನ್ನು ಬಾಗುವ ತೊಂದರೆ. ರೊಟ್ಟಿಯನ್ನು ಬಿಸಿಲಿಗಿಟ್ಟರೆ ಬಿಸಿಲು ಬಿದ್ದ ಮೈ ಮೊದಲು ಒಣಗಿ ಆ ಕಡೆಗೇ ಮುದುಡುತ್ತದಲ್ಲ, ಇದೂ ಹಾಗೇ. ಮುಂದೆ ಮಾತ್ರ ಬಣ್ಣ ಬಳಿದು ಹಿಂದಿನ ಮೈ ಬರಿದೇ ಬಿಟ್ಟರೆ ಎರಡು ಮೈ ಬೇರೆ ಬೇರೆ ವೇಗದಲ್ಲಿ ನೀರು ಕುಡಿದು ಬಿಡುತ್ತವೆ. ಕೂಡಿಸುವ ಮೊದಲೇ ಎರಡೂ ಮೈಗೆ, ಅದಕ್ಕಿಂತ ಮುಖ್ಯವಾಗಿ ಕತ್ತರಿಸಿದ ಪ್ರತಿ ಅಂಚಿಗೆ ಕ್ಷಾರ ತಾಳುವ ಪ್ರೈಮರ್ ಹೊಡೆಯಿರಿ. ಪದರಗಳ ಸಂದು ಬಾಯಿ ತೆರೆದಿರುವುದು ಅಂಚಿನಲ್ಲೇ, ನೀರು ಅಲ್ಲಿಂದಲೇ ಹೆಚ್ಚು ಹೋಗುತ್ತದೆ. ವರ್ಷವರ್ಷ ನೆನೆದು ಆರುತ್ತಿದ್ದರೆ ನಾರಿನ ಟೊಳ್ಳಿನಲ್ಲಿ ಸುಣ್ಣ ಕಟ್ಟಿ ನಾರು ಪೆಡಸಾಗುತ್ತದೆ; ಹಳೆಯ ಬೋರ್ಡ್ ಬಾಗದೆ ಫಟ್ಟನೆ ಮುರಿಯುವುದು ಅದಕ್ಕೇ.