ಸಬ್ ಗೆದ್ದ ಪಾಯಿಂಟ್ ಯಾರ ಖಾತೆಗೆ?

ಶನಿವಾರದ ಪಿಕಲ್‌ಬಾಲ್ ಲ್ಯಾಡರ್ (ಗೆದ್ದವರು ಮೇಲಿನ ಕೋರ್ಟಿಗೆ ಏರುವ, ಸೋತವರು ಕೆಳಗಿಳಿಯುವ ಪಂದ್ಯ) ಮುಗಿಸಿ ಮಾರ್ಕರ್ ಹುಡುಗ ಸ್ಕೋರ್ ಹಾಕಿದ. ಆಪ್ ತೆರೆದು ನೋಡಿದರೆ ಕೋರ್ಟ್ ಒಂದರಲ್ಲಿ ಮೊದಲ ಸ್ಥಾನ, 33 ಪಾಯಿಂಟ್, ಅಂದು ಕ್ಲಬ್ಬಿಗೇ ಬಾರದ ಹಿರಿಯ ಸದಸ್ಯರ ಹೆಸರಿಗೆ ಬಂದಿತ್ತು. ಆಡಿದ್ದು ಅವರು ಕಳಿಸಿದ್ದ ಸಬ್, ಅಂದರೆ ಬದಲಿ ಆಟಗಾರ. ಟೆನಿಸ್ ಆಡಿ ಪಳಗಿದ ಹುಡುಗ, ಮೂರಕ್ಕೆ ಮೂರೂ ಗೇಮ್ ಗೆದ್ದಿದ್ದ. ನಮ್ಮ ಆಪ್‌ನಲ್ಲಿ ಸಬ್ ಅಂತ ನಮೂದಿಸುವ ಜಾಗವೇ ಇಲ್ಲ. ಸ್ಲಾಟ್ ಯಾರ ಹೆಸರಲ್ಲಿದೆಯೋ ಪಾಯಿಂಟ್ ಅವರಿಗೇ. ವರ್ಷದ ಚಂದಾ ಕಟ್ಟಿ ಇದನ್ನು ತರಿಸಿದ ಕಮಿಟಿ, ದಿನಾ ಕೋರ್ಟ್ ನಡೆಸುವ ನಮ್ಮನ್ನು ಒಂದು ಮಾತೂ ಕೇಳಿರಲಿಲ್ಲ.

ನಮ್ಮದು ಬೆಂಗಳೂರಿನ ಹಳೇ ಕ್ಲಬ್. ಒಂದು ಟೆನಿಸ್ ಕೋರ್ಟ್ ಇದ್ದ ಜಾಗದಲ್ಲಿ ನಾಲ್ಕು ಪಿಕಲ್‌ಬಾಲ್ ಕೋರ್ಟ್ ಬಂದಿವೆ, ಒಟ್ಟು 16 ಜನರ ಲ್ಯಾಡರ್. ಪ್ರತಿ ಕೋರ್ಟಿನ ನಾಲ್ವರೂ ಜೋಡಿ ಬದಲಿಸುತ್ತಾ ಮೂರು ಗೇಮ್ ಆಡುತ್ತಾರೆ, ಜೋಡಿ ಗಳಿಸಿದ ಪಾಯಿಂಟ್ ಇಬ್ಬರ ಖಾತೆಗೂ ಹೋಗುತ್ತದೆ. ಮೊದಲು ಬಂದವರು ಮೇಲಿನ ಕೋರ್ಟಿಗೆ, ಕೊನೆಗುಳಿದವರು ಕೆಳಗಿನದಕ್ಕೆ. ಎಲ್ಲಕ್ಕಿಂತ ಮೇಲಿನದು ಕೋರ್ಟ್ ಒಂದು. ಎರಡು ಪಾಯಿಂಟ್ ಅಂತರದಿಂದಲೇ ಗೆಲ್ಲಬೇಕೆಂಬ ಮಾಮೂಲಿ ನಿಯಮವನ್ನು ನಾವು ಲ್ಯಾಡರ್‌ನಲ್ಲಿ ಇಟ್ಟುಕೊಂಡಿಲ್ಲ, 11ಕ್ಕೆ ಗೇಮ್ ಮುಗಿಯುತ್ತದೆ. ಇಲ್ಲದಿದ್ದರೆ 15–13ರಲ್ಲಿ ಸೋತವರಿಗೆ, 11–4ರಲ್ಲಿ ಗೆದ್ದವರಿಗಿಂತ ಹೆಚ್ಚು ಪಾಯಿಂಟ್ ಸಿಕ್ಕಿಬಿಡುತ್ತದೆ. ಸ್ಲಾಟ್ ಸಮಯವೂ ಮೀರುತ್ತದೆ, ಪಕ್ಕದ ಅಪಾರ್ಟ್‌ಮೆಂಟ್‌ನಿಂದ ಸದ್ದಿನ ದೂರು ಬರುತ್ತದೆ.

ಅಂದು ಕೋರ್ಟ್ ಒಂದರಲ್ಲಿ ಉಳಿದ ಮೂವರದ್ದು 28, 26, 25. ಆ 25 ಪಾಯಿಂಟ್, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮೇಡಂ ಅವರದ್ದು. ನಾಲ್ಕನೇ ಕೋರ್ಟಿನಲ್ಲಿ ಪ್ಯಾಡಲ್ (ಈ ಆಟದ ಬ್ಯಾಟು) ಹಿಡಿಯುವುದನ್ನು ಕಲಿತು, ಒಂದೊಂದೇ ಮೆಟ್ಟಿಲು ಹತ್ತಿ ಅಲ್ಲಿಗೆ ಬಂದವರು. ಆಪ್ ಹೇಳಿದಂತೆ ನಡೆದರೆ ಕೆಳಗಿಳಿಯಬೇಕಾದವರು ಅವರೇ. ಬೋರ್ಡಿಗೆ ಅಂಟಿಸಿದ ನಿಯಮದ ಪ್ರಕಾರ ಸಬ್ ಗಳಿಸಿದ ಪಾಯಿಂಟ್ ಯಾರ ಖಾತೆಗೂ ಸೇರುವುದಿಲ್ಲ, ಗೈರಾದವರೇ ಆ ಕೋರ್ಟಿನ ಕೊನೆಯ ಸ್ಥಾನ. ಅಂದರೆ ಇಳಿಯಬೇಕಾದದ್ದು ಹಿರಿಯ ಸದಸ್ಯರು.

ನಾನು ಆಪ್‌ನಲ್ಲಿ ತಿದ್ದುಪಡಿ ಮಾಡುತ್ತಿದ್ದಾಗಲೇ ಕಮಿಟಿಯ ಒಬ್ಬರು ಬಂದು ಪಕ್ಕದಲ್ಲಿ ನಿಂತರು. ಫೋನಿನ ಆ ಕಡೆ ಹಿರಿಯ ಸದಸ್ಯರು.

"ಸಬ್ ಕಳಿಸಿದಾರಲ್ಲ ಮೇಡಂ, ಸ್ಲಾಟ್ ಖಾಲಿ ಬಿಟ್ಟಿಲ್ಲವಲ್ಲ. ಸ್ವಲ್ಪ ಅಡ್ಜಸ್ಟ್ ಮಾಡಿ."

"ಸರ್, ಸಬ್ ಕಳಿಸಿದ್ದು ಉಳಿದ ಮೂವರ ಆಟ ನಿಲ್ಲಬಾರದು ಅಂತ. ಅದಕ್ಕೆ ಥ್ಯಾಂಕ್ಸ್ ಹೇಳೋಣ. ಪಾಯಿಂಟ್ ಕೊಡೋಕಾಗಲ್ಲ."

"ಅವರು ಎಷ್ಟು ಹಳೇ ಮೆಂಬರ್ ಗೊತ್ತಾ?"

ಗೊತ್ತಿತ್ತು. ಮುಂದಿನ ತಿಂಗಳು ನನ್ನ ಗುತ್ತಿಗೆ ನವೀಕರಣದ ಕಾಗದಕ್ಕೆ ಸಹಿ ಹಾಕುವವರು ಯಾರೆಂಬುದೂ ಗೊತ್ತಿತ್ತು. ಬ್ಯಾಂಕ್ ಮೇಡಂ ಬ್ಯಾಗ್ ಹೆಗಲಿಗೇರಿಸಿ ಅಲ್ಲೇ ನಿಂತಿದ್ದರು, ಎಲ್ಲ ಕೇಳಿಸುತ್ತಿತ್ತು. "ನಾನೇ ಇಳೀತೀನಿ ಬಿಡಮ್ಮ, ಇದಕ್ಕೆಲ್ಲ ಜಗಳ ಯಾಕೆ" ಅಂದರು. ನನಗೆ ಸಂಕಟವಾದದ್ದು ಆ ಮಾತಿಗೆ. ಅವರು ಒಪ್ಪಿಬಿಟ್ಟಿದ್ದರೆಂದು ನಾನೂ ಸುಮ್ಮನಾಗಿದ್ದರೆ, ಕೆಳಗಿನ ಕೋರ್ಟುಗಳಲ್ಲಿ ಬೆವರು ಸುರಿಸುತ್ತಿರುವ ಉಳಿದವರಿಗೆ ಯಾವ ಮುಖ ಇಟ್ಟುಕೊಂಡು ಮೇಲೆ ಬನ್ನಿ ಅನ್ನಲಿ? "ಬೇಡ ಮೇಡಂ, ನೀವು ಇಲ್ಲೇ" ಅಂದು, ತಿದ್ದಿದ ಪಟ್ಟಿಯನ್ನು ಗ್ರೂಪಿಗೆ ಹಾಕಿದೆ. ಕಮಿಟಿಯವರು ಒಂದೂ ಮಾತಾಡದೆ ಹೋದರು.

ಈ ಆಟ ಹುಟ್ಟಿದ್ದೇ ಮನೆಮಂದಿ ಒಟ್ಟಿಗೆ ಆಡಲಿ ಅಂತ. 1965ರಲ್ಲಿ ಅಮೆರಿಕದ ಬೈನ್‌ಬ್ರಿಜ್ ದ್ವೀಪದಲ್ಲಿ, ಬೇಸಿಗೆ ರಜೆಯಲ್ಲಿ ಬೇಜಾರಾಗಿ ಕೂತಿದ್ದ ಮನೆಯವರಿಗಾಗಿ ಜೋಯಲ್ ಪ್ರಿಚರ್ಡ್ ಮತ್ತು ಬಿಲ್ ಬೆಲ್ ಹಳೇ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಇದನ್ನು ಕಟ್ಟಿದರು. ಇವತ್ತಿಗೂ ಅಳತೆ ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನದೇ, 20 ಅಡಿಗೆ 44 ಅಡಿ. ನೆಟ್‌ನ ಎರಡೂ ಕಡೆ ಏಳಡಿ ಜಾಗಕ್ಕೆ ಕಿಚನ್ ಅಂತ ಹೆಸರು. ಅದರೊಳಗೆ ನಿಂತು ವಾಲಿ, ಅಂದರೆ ಚೆಂಡು ನೆಲಕ್ಕೆ ಬೀಳುವ ಮೊದಲೇ, ಹೊಡೆಯುವ ಹಾಗಿಲ್ಲವಾದ್ದರಿಂದ, ತೋಳ್ಬಲ ಇರುವ ಹುಡುಗರು ನೆಟ್‌ಗೆ ಅಂಟಿಕೊಂಡು ಬಡಿಯಲಾರರು. ಅರವತ್ತು ದಾಟಿದವರು ಡಿಂಕ್ ಮಾಡುತ್ತಾ, ಅಂದರೆ ಚೆಂಡನ್ನು ಮೆತ್ತಗೆ ನೆಟ್ ದಾಟಿಸಿ ಕಿಚನ್‌ಗೆ ಬೀಳಿಸುತ್ತಾ, ಇಪ್ಪತ್ತರವರನ್ನು ಸತಾಯಿಸುವುದನ್ನು ವಾರವಾರ ನೋಡುತ್ತೇನೆ. ಅಷ್ಟು ಸಮನಾಗಿ ಮಾಡಿಟ್ಟ ಆಟವನ್ನು ಮೆಂಬರ್‌ಶಿಪ್ಪಿನ ಹಳತನ ನೋಡಿ ಏರುಪೇರು ಮಾಡುವುದು ನನ್ನಿಂದಾಗದು.

ಲೈನ್ ಕಾಲ್, ಅಂದರೆ ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬ ವಿಷಯಕ್ಕೆ ಇಷ್ಟು ರಂಪ ಯಾವತ್ತೂ ಆಗಿಲ್ಲ. ಅನುಮಾನ ಬಂದರೆ ಎದುರಾಳಿಗೆ ಬಿಟ್ಟುಕೊಡಬೇಕೆಂದು ಎಲ್ಲರಿಗೂ ಗೊತ್ತು, ಬಿಟ್ಟುಕೊಡುತ್ತಾರೆ. ಲ್ಯಾಡರ್ ಹಾಳಾಗುವುದು ಗೈರುಹಾಜರಿಯಲ್ಲಿ. ವಾಟ್ಸಾಪ್ ಪೋಲ್‌ನಲ್ಲಿ ಬರ್ತೀನಿ ಅಂದವರು ಆಟದ ಹೊತ್ತಿಗೆ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡಿರುತ್ತಾರೆ, ಮೂವರು ಕೈಕಟ್ಟಿ ಕಾಯುತ್ತಾರೆ.

ಕಮಿಟಿ ಮೀಟಿಂಗ್‌ನಲ್ಲಿ ಆ ವಾರದ ಪಟ್ಟಿ ನಿಂತಿತು. ಜೊತೆಗೆ, "ವಿಶೇಷ ಸಂದರ್ಭದಲ್ಲಿ ಕಮಿಟಿ ವಿನಾಯಿತಿ ನೀಡಬಹುದು" ಎಂಬ ಸಾಲನ್ನೂ ನಿಯಮಕ್ಕೆ ಸೇರಿಸಿದರು. ವಿಶೇಷ ಅಂದರೆ ಏನೆಂದು ಬರೆದುಕೊಡಿ ಎಂದು ಕೇಳಿ ಪತ್ರ ಕೊಟ್ಟಿದ್ದೇನೆ. ಆಸ್ಪತ್ರೆ, ಸಾವು-ನೋವು, ಪರೀಕ್ಷೆ ಅಂತ ಪಟ್ಟಿ ಮಾಡಿದರೆ ನನ್ನ ತಕರಾರಿಲ್ಲ, ಅದು ಹದಿನಾರೂ ಜನಕ್ಕೆ ಒಂದೇ ಥರ ಇರಲಿ.

ಈಗ ಶುಕ್ರವಾರ ರಾತ್ರಿ ಎಂಟಕ್ಕೆ ಪೋಲ್ ಮುಚ್ಚುತ್ತೇನೆ. ಸಬ್ ಹೆಸರನ್ನು ಲ್ಯಾಡರ್ ನಡೆಸುವ ಕೋರ್ಡಿನೇಟರೇ ಆರಿಸಬೇಕು, ಆ ಕೋರ್ಟಿಗೆ ಹೊಂದುವ ಆಟದವರನ್ನೇ ಆರಿಸಬೇಕು. ಸ್ಕೋರನ್ನು ನಾಲ್ವರೂ ನೋಡಿ ಹಾಳೆಗೆ ಸಹಿ ಹಾಕಿದ ಮೇಲೆಯೇ ಮಾರ್ಕರ್ ಆಪ್ ಮುಟ್ಟುವುದು. ಸಬ್ ಆಡಿದ ಸ್ಲಾಟ್‌ಗೆ "ಅತಿಥಿ 1" ಎಂಬ ಸುಳ್ಳು ಖಾತೆಯೊಂದನ್ನು ತೆರೆದಿದ್ದೇವೆ, ಪಾಯಿಂಟೆಲ್ಲ ಅದಕ್ಕೆ ಹೋಗುತ್ತದೆ. ಆಪ್‌ನವರಿಗೆ ಮೇಲ್ ಹಾಕಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.