ಮಾಜಾಳಿಯಿಂದ ತಿಳಮಾತಿಗೆ: ಅರ್ಧ ಗಂಟೆಯ ಕಡಿದಾದ ಏರು

ಕಾರವಾರದಿಂದ ಗೋವಾ ದಿಕ್ಕಿಗೆ ಹತ್ತು-ಹನ್ನೆರಡು ಕಿಲೋಮೀಟರ್ ಹೋದರೆ ಮಾಜಾಳಿ. ಅಲ್ಲಿಯ ಕಡಲತೀರದ ಉತ್ತರ ತುದಿಯಲ್ಲಿ ಗುಡ್ಡವೊಂದು ಸೀದಾ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದರ ಆಚೆ ಮಗ್ಗುಲಿಗೆ ಕಪ್ಪು ಮರಳಿನ ತಿಳಮಾತಿ. ಹತ್ತಿ ಇಳಿಯುವುದಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ, ಮಕ್ಕಳಿದ್ದರೆ ನಲವತ್ತು. ಇಷ್ಟೇ ತಾನೇ ಎಂದು ಸಂಜೆ ಐದೂವರೆಗೆ ಹೊರಡುವವರೇ ಇಲ್ಲಿ ಹೆಚ್ಚು ಫಜೀತಿ ಪಡುವುದು.

ಕಾರಣ ಸರಳ. ಈ ದಾರಿಯಲ್ಲಿ ಕಷ್ಟ ಇರುವುದು ಏರಿನಲ್ಲಲ್ಲ, ಇಳಿಯುವಾಗ. ಮಣ್ಣಿನ ಮೇಲೆ ಹರಡಿರುವ ಸಣ್ಣ ಕಲ್ಲುಗಳು ಒಣ ಅಡಿಕೆ ಮೇಲೆ ಕಾಲಿಟ್ಟ ಹಾಗೆ ಉರುಳುತ್ತವೆ. ಬೆಳಕಿದ್ದಾಗ ಗಟ್ಟಿ ಬಂಡೆ ಯಾವುದು, ಸಡಿಲ ಕಲ್ಲು ಯಾವುದು ಎಂದು ಕಣ್ಣಿಗೆ ಕಾಣುತ್ತದೆ. ಕತ್ತಲಾದ ಮೇಲೆ ಮೊಬೈಲ್ ಟಾರ್ಚಿನಲ್ಲಿ ಎರಡೂ ಒಂದೇ. ಒಂದು ಕೈಯಲ್ಲಿ ಮೊಬೈಲ್ ಹಿಡಿದರೆ ಬಂಡೆಗೆ ಊರಲು ಕೈಯೂ ಇಲ್ಲ. ನವೆಂಬರ್-ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ, ಅರ್ಧ ಗಂಟೆಯೊಳಗೆ ಪೂರ್ತಿ ಕತ್ತಲು. ಹಾಗಾಗಿ ಮೂರೂವರೆಗೆ ಮಾಜಾಳಿಯಿಂದ ನಡೆಯಲು ಶುರುಮಾಡಿ, ಐದಕ್ಕೆ ತಿಳಮಾತಿ ಬಿಟ್ಟುಬಿಡಿ. ಸೂರ್ಯಾಸ್ತವನ್ನು ಮಾಜಾಳಿಯ ಮರಳಿನ ಮೇಲೆ ಕೂತು ನೋಡಿದರೂ ಅದೇ ಸಮುದ್ರ, ಅದೇ ಸೂರ್ಯ.

ದಾರಿ ಹುಡುಕುವುದು ಕಷ್ಟವಲ್ಲ. ಮೀನುಗಾರರ ದೋಣಿ-ಬಲೆಗಳನ್ನು ದಾಟಿ ಗುಡ್ಡದ ಬುಡಕ್ಕೆ ಬನ್ನಿ. ಕಾಲುದಾರಿ ಅಲ್ಲಿಂದಲೇ ಏರುತ್ತದೆ. ಅನುಮಾನ ಬಂದರೆ ಬಲೆ ಸರಿಮಾಡುತ್ತ ಕೂತವರನ್ನು ಕೇಳಿ. ಜೊತೆಗೆ ಆವತ್ತಿನ ಭರತ-ಇಳಿತದ ಹೊತ್ತನ್ನೂ ಕೇಳಿಕೊಳ್ಳಿ. ಇಳಿತದಲ್ಲಿ ಗುಡ್ಡದ ಬುಡದ ಬಂಡೆಗಳು ತೆರೆದುಕೊಂಡು, ಹತ್ತದೆಯೇ ಸುತ್ತಿ ಹೋಗಬಹುದು ಅನ್ನಿಸುತ್ತದೆ. ಆ ಆಸೆಗೆ ಬೀಳಬೇಡಿ. ನೀರಿನಂಚಿನ ಬಂಡೆಗಳು ಪಾಚಿ ಹಿಡಿದು ಜಾರುತ್ತವೆ, ನೀರು ಏರತೊಡಗಿದರೆ ಹಿಂದಕ್ಕೂ ಮುಂದಕ್ಕೂ ಹೋಗಲಾಗದೆ ಸಿಕ್ಕಿಬೀಳುತ್ತೀರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಏರುವುದೂ ಹೆಚ್ಚು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ನಿನ್ನೆ ಹೋಗಿಬಂದವರ ಲೆಕ್ಕ ಇವತ್ತಿಗೆ ಬರುವುದಿಲ್ಲ.

ನೆತ್ತಿಯ ಮೇಲೆ ಹತ್ತು ನಿಮಿಷವಾದರೂ ನಿಲ್ಲಿ, ಇಷ್ಟು ಕಡಿಮೆ ನಡಿಗೆಗೆ ಇಷ್ಟು ದೊಡ್ಡ ನೋಟ ಈ ಕರಾವಳಿಯಲ್ಲಿ ಅಪರೂಪ. ಉತ್ತರಕ್ಕೆ ಗೋವಾದ ಪೋಳೆಂ ತೀರ. ದಕ್ಷಿಣಕ್ಕೆ ಮಾಜಾಳಿಯ ಉದ್ದನೆಯ ಮರಳು, ಅದರಾಚೆ ದೇವಬಾಗದ ಗಾಳಿಮರಗಳು, ಕಾಳಿ ನದಿ ಸಮುದ್ರ ಸೇರುವ ಕಡೆ. ಸಮುದ್ರದಲ್ಲಿ ಕೂರ್ಮಗಡ, ದೀಪಸ್ತಂಭ ಹೊತ್ತ ದೇವಗಡ, ಬೆನ್ನಿಗೆ ಸಹ್ಯಾದ್ರಿ. ಮಳೆ ನಿಂತ ಮೇಲೆ ಅಕ್ಟೋಬರ್-ನವೆಂಬರಿನಲ್ಲಿ ದ್ವೀಪಗಳು ಸ್ಪಷ್ಟ. ಮಾರ್ಚ್ ಕಳೆದರೆ ಮಬ್ಬು, ಜೊತೆಗೆ ಸೆಕೆ. ಪುಷ್ಯ ಹುಣ್ಣಿಮೆಗೆ ಕೂರ್ಮಗಡದಲ್ಲಿ ನರಸಿಂಹನ ಜಾತ್ರೆ, ಭಕ್ತರೆಲ್ಲ ದೋಣಿಯಲ್ಲೇ ಹೋಗುತ್ತಾರೆ. ಆ ದಿನ ಕಾರವಾರದ ಕಡೆ ಜನಸಂದಣಿ ಇರುತ್ತದೆ, ಹೊತ್ತು ನೋಡಿಕೊಂಡು ಹೊರಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯೇ ಬೇಡ.

ಕೆಳಗೆ ತಿಳಮಾತಿಯಲ್ಲಿ ಮರಳು ದಪ್ಪ ಕಾಳಿನದು, ಕಪ್ಪು. ನಡುಹಗಲಲ್ಲಿ ಬರಿಗಾಲು ಸುಡುತ್ತದೆ. ಈಜಬೇಡಿ: ಎರಡೂ ಬದಿಗೆ ಬಂಡೆ, ಏನಾದರೂ ಆದರೆ ಸಹಾಯಕ್ಕೆ ಬರುವವರು ಗುಡ್ಡ ದಾಟಿ ಬರಬೇಕು.

ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಹಿಡಿತವಿರುವ ಬೂಟು. ಹವಾಯಿ ಚಪ್ಪಲಿ ಇಳಿಜಾರಿನಲ್ಲಿ ಕಾಲು ಬಿಟ್ಟು ಮುಂದೆ ಹೋಗುತ್ತದೆ. ಒಬ್ಬರಿಗೆ ಒಂದೂವರೆ ಲೀಟರ್ ನೀರು ಬೇಕು, ಆಚೆ ಕಡೆ ಅಂಗಡಿಯನ್ನು ನಂಬಿ ಹೋಗಬೇಡಿ. ಅರ್ಧ ಲೀಟರಿಗೆ ಉಪ್ಪು ಹಾಕಿದ ಕೋಕಂ ಬೆರೆಸಿಕೊಂಡರೆ ಬೆವರಿಗೆ ಒಳ್ಳೆಯದು. ಎರಡೂ ಕೈ ಖಾಲಿ ಇರಬೇಕು, ಎಲ್ಲವೂ ಬೆನ್ನಚೀಲಕ್ಕೆ ಹೋಗಲಿ, ಪ್ಲಾಸ್ಟಿಕ್ ಅದರಲ್ಲೇ ವಾಪಸ್ ಬರಲಿ. ಡಿಸೆಂಬರಿನ ನಂತರ ಗುಡ್ಡದ ಹುಲ್ಲು ಒಣಗಿರುತ್ತದೆ. ಬೀಡಿ, ಸಿಗರೇಟು ಹಚ್ಚಲೇಬೇಡಿ.

ಕಾರವಾರದಿಂದ ಮಾಜಾಳಿಗೆ ಬಸ್ಸಿದೆ, ಆದರೆ ಸಂಜೆಯ ವಾಪಸಾತಿ ಬಸ್ಸಿನ ಹೊತ್ತನ್ನು ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದಿದೆ. ಹೊಸ ಸೇತುವೆ ದಾಟುವ ಹೊತ್ತಿಗೆ ಸ್ವಲ್ಪ ಹೆಚ್ಚೇ ಸಮಯ ಇಟ್ಟುಕೊಳ್ಳಿ. ಗೋವಾ ಕಡೆಯಿಂದ ಬರುವವರಾದರೆ ಮಾಜಾಳಿ ತನಿಖಾ ಠಾಣೆಯಲ್ಲಿ ಮದ್ಯಕ್ಕಾಗಿ ವಾಹನ ನಿಲ್ಲಿಸಿ ನೋಡುತ್ತಾರೆ. ಆ ಹೊತ್ತನ್ನೂ ಸೇರಿಸಿಯೇ ಮೂರೂವರೆಯ ಲೆಕ್ಕ ಹಾಕಿ.