ತೋಟದ ಕೆರೆಯ ನೀರಿಗೆ ನೀಲಿ ಬೆಳಕು ಒಗ್ಗಲಿಲ್ಲ

ಆಲ್ದೂರು ಕಡೆಯ ಕಾಫಿ ತೋಟವೊಂದರ ಕೆರೆಯ ನೀರು ತುಂಬಿದ ಎರಡು ಮೀಟರ್ ಉದ್ದದ ಪಿವಿಸಿ ಪೈಪಿನಲ್ಲಿ ಈ ವಾರ ಎಲ್‌ಇಡಿಯ ಬೆಳಕಿನ ಮಿನುಗಿನ ಮೂಲಕ ಅಕ್ಷರಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ತಪ್ಪಿಲ್ಲದೆ ದಾಟಿದವು. ಎಲ್‌ಇಡಿ ಡ್ರೈವರ್, ಅಕ್ಷರಗಳ ಬಿಟ್‌ಗಳನ್ನು ಬೆಳಕಿನ ಏರಿಳಿತವಾಗಿಸುವ ಮ್ಯಾಂಚೆಸ್ಟರ್ ಕೋಡಿಂಗ್, ಬೆಳಕನ್ನು ಕರೆಂಟಾಗಿಸುವ ಬಿಪಿಡಬ್ಲ್ಯು34 ಫೋಟೊಡಯೋಡಿನ ಹಿಂದಿನ ಆಂಪ್ಲಿಫೈಯರ್, ಟ್ಯೂಬ್‌ಲೈಟಿನ 100 ಹರ್ಟ್ಸ್ ಮಿನುಗಿನ ಕಾಟ ಇವೆಲ್ಲ ಬೆಳಕಿನಲ್ಲಿ ಸಂದೇಶ ಕಳಿಸುವ ಈ ಹವ್ಯಾಸದವರಿಗೆ ಗೊತ್ತಿರುವ ಸಂಗತಿಗಳೇ ಆದ್ದರಿಂದ, ತಿಂಗಳುಗಟ್ಟಲೆ ಸತಾಯಿಸಿದ ಒಂದು ಸಮಸ್ಯೆಯನ್ನಷ್ಟೇ ಬಿಡಿಸಿ ಬರೆಯುತ್ತೇನೆ.

ನಲ್ಲಿ ನೀರಿನಲ್ಲಿ 450 ನ್ಯಾನೊಮೀಟರ್ ತರಂಗದೂರದ ನೀಲಿ ಎಲ್‌ಇಡಿ ಸೊಗಸಾಗಿ ಕೆಲಸ ಮಾಡುತ್ತಿತ್ತು. ಅದೇ ಪೈಪಿಗೆ ಕೆರೆಯ ನೀರು ಸುರಿದೊಡನೆ ಸಂಕೇತವನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಆಸಿಲೊಸ್ಕೋಪಿನಲ್ಲಿ ಬರೀ ಗದ್ದಲ ಉಳಿಯುತ್ತಿತ್ತು. ಇಂಥಲ್ಲಿ ಮೊದಲ ಅನುಮಾನ ಕೆಸರಿನ ಮೇಲೆ. ಆದರೆ ನೀರನ್ನು ಬಕೆಟ್ಟಿನಲ್ಲಿ ರಾತ್ರಿಯಿಡೀ ಅಲುಗಿಸದೆ ಇಟ್ಟು, ಮೇಲಿನ ತಿಳಿಯನ್ನು ಫಿಲ್ಟರ್ ಕಾಗದದಲ್ಲಿ ಸೋಸಿ ಮತ್ತೆ ತುಂಬಿದರೂ ಸಂಕೇತ ಚೇತರಿಸಿಕೊಳ್ಳಲಿಲ್ಲ. ಸೋಸಿದ ನೀರನ್ನು ಉದ್ದನೆಯ ಗಾಜಿನ ಜಾಡಿಗೆ ಹಾಕಿ, ಅಡಿಗೆ ಬಿಳಿ ಹಾಳೆ ಇಟ್ಟು ಮೇಲಿನಿಂದ ಬಗ್ಗಿ ನೋಡಿದಾಗ ಕಾರಣ ಕಣ್ಣಿಗೇ ಬಿತ್ತು. ಕೆಸರಿನ ಕಣವೊಂದೂ ಇಲ್ಲ. ಹಾಳೆ ಮಾತ್ರ ಹಾಲು ಹಾಕದ ತೆಳು ಚಹಾದ ಬಣ್ಣಕ್ಕೆ ತಿರುಗಿದೆ.

ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ತರಗು ಬಿದ್ದು ಕೊಳೆಯುವ ಕೆರೆಯಿದು. ಆ ತರಗೆಲೆಯಿಂದ ನೀರಿಗಿಳಿದು ಕರಗುವ ಸಾವಯವ ಪದಾರ್ಥಗಳು ನೀಲಿ ಬೆಳಕನ್ನು ಬಲವಾಗಿ ಹೀರುತ್ತವೆ, ತರಂಗದೂರ ಹೆಚ್ಚಿದಂತೆ ಆ ಹೀರಿಕೆ ಬೇಗನೆ ಇಳಿಯುತ್ತದೆ. ನೀರಿನೊಳಗಿನ ಬೆಳಕಿನ ಸಂವಹನಕ್ಕೆ ನೀಲಿಯೇ ಶ್ರೇಷ್ಠ ಎಂಬ ಮಾತು ತಿಳಿಯಾದ ಸಾಗರಕ್ಕೆ ಸರಿ. ಕರಾವಳಿಯ ಮತ್ತು ಒಳನಾಡಿನ ನೀರಿನಲ್ಲಿ ಅನುಕೂಲದ ಬಣ್ಣ ಹಸಿರಿನತ್ತ ಸರಿಯುತ್ತದೆ. ಶುದ್ಧ ನೀರು 450ಕ್ಕಿಂತ 520ರಲ್ಲಿ ಹೆಚ್ಚು ಹೀರುತ್ತದೆಂಬುದು ನಿಜವಾದರೂ ಆ ನಷ್ಟ ಮೀಟರಿಗೆ ಸುಮಾರು ಶೇ 4 ಮಾತ್ರ, ಎಲೆಯ ಬಣ್ಣ ನೀಲಿಗೆ ಮಾಡುವ ಹಾನಿಯ ಮುಂದೆ ಅದು ಲೆಕ್ಕಕ್ಕಿಲ್ಲ. ಸಾಲದ್ದಕ್ಕೆ, ಸಿಲಿಕಾನ್ ಫೋಟೊಡಯೋಡ್ ನೀಲಿಗಿಂತ ಹಸಿರಿಗೆ ಚೆನ್ನಾಗಿ ಸ್ಪಂದಿಸುವುದರಿಂದ ಲಾಭ ಎರಡೂ ಕಡೆಯಿಂದ ಬರುತ್ತದೆ.

ಹಾಗೆಂದು ಹಸಿರು ಎಲ್‌ಇಡಿ ಸುಲಭಕ್ಕೆ ಕೈಗೆ ಬರಲಿಲ್ಲ. ಅಂಚೆಯಲ್ಲಿ ಬಂದ ಪೊಟ್ಟಣದ ಮೇಲೆ ‘ಹಸಿರು’ ಎಂದಷ್ಟೇ ಇತ್ತು. ಮಾರಿದವರಿಗೆ ಫೋನ್ ಮಾಡಿ ತರಂಗದೂರ ಎಷ್ಟೆಂದು ಕೇಳಿದರೆ, “ಹಸಿರು ಅಂದ್ರೆ ಹಸಿರೇ ಅಲ್ವಾ ಸಾರ್?” ಎಂಬ ಉತ್ತರ ಬಂತು. ಉರಿಸಿ ವೋಲ್ಟೇಜ್ ಅಳೆದಾಗ ಅವು 2 ವೋಲ್ಟಿನ ಆಸುಪಾಸಿನವು, ಅಂದರೆ 570ರ ಸುಮಾರಿನ ಹಳೆಯ ಗ್ಯಾಲಿಯಂ ಫಾಸ್ಫೈಡ್ ಜಾತಿಯ ಮಂಕು ಎಲ್‌ಇಡಿಗಳು. ಬೇಕಾದದ್ದು 3 ವೋಲ್ಟಿನ ಹತ್ತಿರ ಉರಿಯುವ, 525ರ ಇಂಡಿಯಂ ಗ್ಯಾಲಿಯಂ ನೈಟ್ರೈಡ್. ಬಿಡಿಭಾಗದ ಅಳತೆಗಳ ವಿವರಪಟ್ಟಿಯಾದ ಡೇಟಾಶೀಟ್ ಕೊಡದವರಿಂದ ಎಲ್‌ಇಡಿ ಕೊಳ್ಳಲೇಬಾರದು. ಬೇರೆಡೆಯಿಂದ ಸರಿಯಾದದ್ದು ಬಂದು, ನೀಲಿಗೆ ಕೊಟ್ಟಷ್ಟೇ ಕರೆಂಟಿನಲ್ಲಿ ಉರಿಸಿದಾಗ ಪರದೆಯ ಮೇಲೆ ಚೌಕದ ಅಲೆಗಳು ಅಂಚು ಸಮೇತ ಎದ್ದು ನಿಂತವು. ಆ ನೋಟದ ಖುಷಿ ಇನ್ನೂ ಇಳಿದಿಲ್ಲ.

ಮುಂದಿನ ಕೆಲಸ ಆಗಲೇ ತಲೆಯಲ್ಲಿ ಓಡುತ್ತಿದೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರಿಗೆ ನೀರೆತ್ತುವಾಗ ಕೆರೆಯ ಮಟ್ಟ ಎಷ್ಟು ಇಳಿಯಿತೆಂದು ತೋಟದವರು ತಿಳಿಯಬಯಸುತ್ತಾರೆ. ತಳದಲ್ಲಿ ಒತ್ತಡದ ಸೆನ್ಸರ್, ಅಲ್ಲಿಂದ ಮೇಲಿನ ತೇಲುಬುರುಡೆಗೆ ಹಸಿರು ಬೆಳಕು, ಬುರುಡೆಯಿಂದ ಮನೆಗೆ ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ತಲುಪುವ ಲೋರಾ ರೇಡಿಯೊ, ಹೀಗೊಂದು ಸರಪಳಿ ಕಟ್ಟುವ ಯೋಜನೆ. ಹಗಲಿನ ಬಿಸಿಲು ಆಂಪ್ಲಿಫೈಯರನ್ನು ತುಂಬಿಬಿಡದಂತೆ ಫೋಟೊಡಯೋಡನ್ನು ಕೆಳಮುಖವಾಗಿ, ಕಪ್ಪು ಕೊಳವೆಯೊಳಗೆ ಕೂರಿಸಬೇಕು. ಮಳೆಗಾಲದ ಕೆಸರಿನ ಕಣಗಳು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುವುದರಿಂದ ಅಲ್ಲಿ ಬಣ್ಣ ಬದಲಿಸಿ ಪ್ರಯೋಜನವಿಲ್ಲ, ದೂರವನ್ನೇ ಕಡಿಮೆ ಮಾಡಬೇಕು.

ಅದಕ್ಕೂ ಮೊದಲು ಇದೇ ಪೈಪಿನಲ್ಲಿ ಕೆಂಪನ್ನು ಪರೀಕ್ಷಿಸುತ್ತೇನೆ. 650ರಲ್ಲಿ ಶುದ್ಧ ನೀರೇ ಎರಡು ಮೀಟರಿನೊಳಗೆ ಸುಮಾರು ಅರ್ಧ ಬೆಳಕನ್ನು ನುಂಗುತ್ತದೆ. ಆದರೂ ಬಣ್ಣ ಇನ್ನೂ ದಟ್ಟವಾಗಿರುವ ಕೆರೆಯಲ್ಲಿ, ಹತ್ತಿರದ ದೂರಕ್ಕೆ ಅದು ಹಸಿರನ್ನು ಮೀರಿಸುವ ಸಾಧ್ಯತೆಯಿದೆ. ಅರಸೀಕೆರೆ, ಕಡೂರು ಕಡೆಯ ಬಯಲು ಕೆರೆಗಳ ಹತ್ತಿರ ಇರುವವರು ಜಾಡಿ ಮತ್ತು ಬಿಳಿ ಹಾಳೆಯ ಪರೀಕ್ಷೆ ಮಾಡಿ ಕಂಡ ಬಣ್ಣ ತಿಳಿಸಿದರೆ, ಅಲ್ಲಿಯ ನೀರನ್ನೂ ಕ್ಯಾನಿನಲ್ಲಿ ತಂದು ಈ ಪೈಪಿಗೆ ತುಂಬಿ ಅಳೆಯುತ್ತೇನೆ.